ಏರಿದ ನಂಜು, ಇಳಿದ ಕೊಲೆಸ್ಟ್ರಾಲ್

ಹಲವಾಗಲು ಹರಪನಹಳ್ಳಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆ ಕಡೆಯ ಊರು. ಹೊಳೆ ಉಕ್ಕಿದರೆ ಗರ್ಭಗುಡಿ ಎಂಬ ಊರಿಗೆ ಹೋಗುವ ರಸ್ತೆ ಮುಳುಗುತ್ತದೆ. ನೀರು ಇಳಿದ ಮೇಲೆ ಜ್ವರದ ಕಾಲ ಶುರುವಾಗುತ್ತದೆ. ಈ ಸೀಮೆ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಯಾವುದೇ ಇರಲಿ, ಜ್ವರ ಕೈಮೀರಿದಾಗ ಈ ಕಡೆಯ ಜನ ಗಾಡಿ ಮಾಡಿಕೊಂಡು ಹೋಗುವುದು ದಾವಣಗೆರೆಗೆ. ಅಲ್ಲಿನ ಜಿಲ್ಲಾ ಆಸ್ಪತ್ರೆಯನ್ನು ಎಲ್ಲರೂ ಚಿಗಟೇರಿ ಆಸ್ಪತ್ರೆ ಎಂದೇ ಕರೆಯುತ್ತಾರೆ. ಚಿಗಟೇರಿ ನಮ್ಮದೇ ತಾಲ್ಲೂಕಿನ ಊರು.

ಆ ಗಾಡಿ ಹತ್ತಿಸುವ ಮುಂಚಿನ ಒಂದೆರಡು ತಾಸು ನನ್ನಂಥ ಫಿಜಿಷಿಯನ್ ಕೈಯಲ್ಲಿರುತ್ತವೆ. ಯಾರನ್ನು ಇಲ್ಲೇ ಇಟ್ಟುಕೊಳ್ಳಬೇಕು, ಯಾರನ್ನು ಈಗಿಂದೀಗಲೇ ಕಳಿಸಬೇಕು ಎಂಬುದು ಅಷ್ಟರಲ್ಲಿ ತೀರ್ಮಾನವಾಗಬೇಕು. ಇದಕ್ಕೆ ನೆರವಾಗುವ ಪರೀಕ್ಷೆಗಳಲ್ಲಿ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, ಕೂಡ ಒಂದು ಎಂದರೆ ಹಲವರು ಹುಬ್ಬೇರಿಸುತ್ತಾರೆ. ಅದು ಹೃದಯದವರ ಪರೀಕ್ಷೆ, ಸಕ್ಕರೆ ಕಾಯಿಲೆಯವರ ಪರೀಕ್ಷೆ ಎಂಬುದೇ ರೂಢಿ. ನಂಜೇರಿದ ರೋಗಿಯಲ್ಲಿ ಅದೇ ಅಂಕಿಗಳು ಬೇರೆ ಕಥೆ ಹೇಳುತ್ತವೆ. ನಮ್ಮ ತಾಲ್ಲೂಕುಗಳಲ್ಲಿ ಕೆಲಸಕ್ಕೆ ಸೇರುತ್ತಿರುವ ಕಿರಿಯ ವೈದ್ಯರನ್ನೂ ಲ್ಯಾಬ್‌ನವರನ್ನೂ ಮನಸ್ಸಿನಲ್ಲಿಟ್ಟುಕೊಂಡು, ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

1. ನಂಜಿನ ಜ್ವರದಲ್ಲಿ ಕೊಲೆಸ್ಟ್ರಾಲ್ ಇಳಿದರೆ ಅದು ಸಂತೋಷದ ಸುದ್ದಿಯಲ್ಲ

ಕಾಲಿನ ಗಾಯದಿಂದ ನಂಜೇರಿ ದಾಖಲಾಗಿದ್ದ ಒಬ್ಬ ಹೆಂಗಸಿನ ಮಗ ರಿಪೋರ್ಟ್ ಹಿಡಿದು ಬಂದ. "ಸರ, ನಮ್ಮವ್ವಗ ಕೊಲೆಸ್ಟ್ರಾಲ್ ಇನ್ನೂರರ ಮ್ಯಾಲಿತ್ತು, ಈಗ ತೊಂಬತ್ತಕ್ಕ ಬಂದೈತ್ರಿ. ಅದೊಂದಾದ್ರೂ ಆರಾಮಾತಲ್ರಿ?" ಅಂದ. ಗುಳಿಗೆ ನುಂಗಿ ತಿಂಗಳುಗಟ್ಟಲೆ ಇಳಿಯದಿದ್ದದ್ದು ನಾಲ್ಕು ದಿನದ ಜ್ವರದಲ್ಲಿ ಇಳಿದಿತ್ತು. ಅವನನ್ನು ಕೂರಿಸಿಕೊಂಡು, "ಇಲ್ಲಪ್ಪ, ಇದೇ ನನಗೆ ಚಿಂತೆ ಹಚ್ಚಿರೋದು" ಎಂದು ಬಿಡಿಸಿ ಹೇಳಬೇಕಾಯಿತು.

ಅವನಿಗೆ ಹೇಳಿದ್ದು ಇಷ್ಟು. ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ವಸ್ತು ಇದೆ. ಅದರಲ್ಲಿ ನಿಜವಾದ ವಿಷ ಲಿಪಿಡ್ ಎ ಎಂಬ ಕೊಬ್ಬಿನ ತುಣುಕು. ಅದು ರಕ್ತಕ್ಕೆ ಬಿದ್ದಾಗ, ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಚ್‌ಡಿಎಲ್, ಎಲ್‌ಡಿಎಲ್ ಕಣಗಳು ಅದನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡು ಲಿವರ್ ಕಡೆಗೆ ಸಾಗಿಸುತ್ತವೆ. ನಂಜು ಹೆಚ್ಚಿದಷ್ಟೂ ಈ ಕಣಗಳು ಖರ್ಚಾಗುತ್ತವೆ. ಅತ್ತ ಲಿವರ್ ತನ್ನ ಎಂದಿನ ಕೆಲಸ ಬಿಟ್ಟು ಸಿಆರ್‌ಪಿಯಂಥ ತುರ್ತು ಪ್ರೋಟೀನ್‌ಗಳನ್ನು ತಯಾರಿಸಲು ತೊಡಗುತ್ತದೆ. ಸಣ್ಣ ರಕ್ತನಾಳಗಳು ಸೋರುವುದರಿಂದ ಕಣಗಳು ರಕ್ತದಿಂದ ಆಚೆಗೂ ಹೋಗುತ್ತವೆ. ಹೀಗೆ ಖರ್ಚು ಹೆಚ್ಚಿ ಹುಟ್ಟುವಳಿ ತಗ್ಗಿ, ಕೆಲವೇ ದಿನಗಳಲ್ಲಿ ಕೊಲೆಸ್ಟ್ರಾಲ್ ಅರ್ಧಕ್ಕೆ ಬರುವುದುಂಟು. ಇನ್ನೂ ಒಂದು ಮಾತಿದೆ. ಬಿಪಿ ಬೀಳದಂತೆ ತಡೆಯುವ ಕಾರ್ಟಿಸಾಲ್ ಹಾರ್ಮೋನನ್ನು ಅಡ್ರಿನಲ್ ಗ್ರಂಥಿ ಕೊಲೆಸ್ಟ್ರಾಲಿನಿಂದಲೇ ಮಾಡಿಕೊಳ್ಳಬೇಕು. ದೇಹಕ್ಕೆ ಆ ಸರಕು ಅತಿ ಹೆಚ್ಚು ಬೇಕಾದ ಹೊತ್ತಿಗೇ ಅದು ಕೊರತೆಯಾಗುತ್ತದೆ.

ತೈವಾನ್‌ನ ವೈದ್ಯರು 2005ರಲ್ಲಿ, ಗಂಭೀರ ಸೆಪ್ಸಿಸ್‌ನ, ಅಂದರೆ ನಂಜೇರಿದ ಸ್ಥಿತಿಯ, ಮೊದಲ ದಿನವೇ ಎಚ್‌ಡಿಎಲ್ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗಿದ್ದವರಲ್ಲಿ ಸಾವು ಹೆಚ್ಚು ಎಂದು ತೋರಿಸಿದರು. ಬೇರೆ ಬೇರೆ ದೇಶಗಳ ಐಸಿಯುಗಳಲ್ಲೂ ಇದೇ ದಿಕ್ಕಿನ ಫಲಿತಾಂಶ ಬಂದಿದೆ. ಆ 20 ಎಂಬ ಅಂಕಿಯನ್ನು ನಾನು ತೀರ್ಪಿನಂತೆ ಬಳಸುವುದಿಲ್ಲ. ಉಸಿರು ನಿಮಿಷಕ್ಕೆ 22 ಮುಟ್ಟಿದೆಯೇ, ಮೇಲಿನ ಬಿಪಿ 100ಕ್ಕೆ ಇಳಿದಿದೆಯೇ, ರೋಗಿ ಮಂಕಾಗಿ ಸಂಬಂಧವಿಲ್ಲದ್ದು ಮಾತಾಡುತ್ತಿದ್ದಾರೆಯೇ ಎಂಬ ಮೂರು ಪ್ರಶ್ನೆ ಮೊದಲು. ಇವುಗಳ ಜೊತೆಗೆ ಎಚ್‌ಡಿಎಲ್ ಕೂಡ ಪಾತಾಳದಲ್ಲಿದ್ದರೆ, ಬೆಳಗಿನತನಕ ನೋಡೋಣ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಒಂದು ಎಚ್ಚರ. ಆ್ಯಂಟಿಬಯೋಟಿಕ್ ಯಾವತ್ತೂ ಲಿಪಿಡ್ ರಿಪೋರ್ಟಿಗಾಗಿ ಕಾಯಬಾರದು. ಬಿಪಿ ಬಿದ್ದಿದ್ದರೆ ಮೊದಲ ಡೋಸ್ ಒಂದು ತಾಸಿನೊಳಗೆ ಹೋಗಬೇಕು ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ.

2. ಹಳೆಯ ರಿಪೋರ್ಟ್ ಇಲ್ಲದೆ ಹೊಸದಕ್ಕೆ ಅರ್ಧವೇ ಅರ್ಥ

ನಮ್ಮ ಕಡೆ ಹೊಲದಲ್ಲಿ ದುಡಿಯುವ ಸಣಕಲು ಮೈಯವರಲ್ಲಿ ಕೊಲೆಸ್ಟ್ರಾಲ್ ಮೊದಲೇ ಕಡಿಮೆ ಇರಬಹುದು. ಹೊಟ್ಟೆಗೆ ಸಾಲದ ಊಟ, ಕುಡಿತದಿಂದ ಹಾಳಾದ ಲಿವರ್, ಹಳೆಯ ಟಿಬಿ, ಎಚ್‌ಐವಿ, ಥೈರಾಯ್ಡ್ ಹೆಚ್ಚಳ, ಇವೆಲ್ಲವೂ ಅದನ್ನು ತಗ್ಗಿಸುತ್ತವೆ. ಹಾಗಾಗಿ ಒಂದೇ ಅಂಕಿ ನೋಡಿ ಇದು ನಂಜಿನ ಗುರುತು ಎಂದುಬಿಡಲಾಗದು. ಮನೆಯವರು ಪ್ಲಾಸ್ಟಿಕ್ ಚೀಲದಲ್ಲಿ ತರುವ ಹಳೆಯ ಚೀಟಿಗಳನ್ನು ತಾಳ್ಮೆಯಿಂದ ಬಿಡಿಸಿ ನೋಡಬೇಕು. ಆರು ತಿಂಗಳ ಹಿಂದೆ 210 ಇದ್ದದ್ದು ಈಗ 95 ಆಗಿದ್ದರೆ ಅದು ಕುಸಿತ. ಆಗಲೂ ಈಗಲೂ 110 ಇದ್ದರೆ ಅದು ಆ ಮನುಷ್ಯನ ಸಹಜ ಮಟ್ಟವಿರಬಹುದು.

ಹಳೆಯದು ಸಿಗದಿದ್ದರೆ ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತೇನೆ. ನಂಜು ಹಿಡಿತಕ್ಕೆ ಬಂದವರಲ್ಲಿ ಅಂಕಿ ನಿಧಾನವಾಗಿ ಮೇಲೇಳುತ್ತದೆ. ಜ್ವರ ಬಿಟ್ಟಿದ್ದರೂ ಕೊಲೆಸ್ಟ್ರಾಲ್ ಇಳಿಯುತ್ತಲೇ ಇದ್ದರೆ ಒಳಗೆಲ್ಲೋ ಕೀವು ಉಳಿದಿದೆಯೇ ಎಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವುದು ನನ್ನ ಪದ್ಧತಿ.

3. ಟ್ರೈಗ್ಲಿಸರೈಡ್ ಏಕೆ ಏರುತ್ತದೆ ಎಂಬ ಪ್ರಶ್ನೆ ಹಗುರವಲ್ಲ

ಕೊಲೆಸ್ಟ್ರಾಲ್ ಇಳಿಯುವಾಗಲೇ ಟ್ರೈಗ್ಲಿಸರೈಡ್ ಏರುವುದು ಸೋಂಕಿನ ವಿಚಿತ್ರ. ಇದರ ಹಿಂದೆ ಹೋದವರಿಗೆ ದೊಡ್ಡ ಸಂಗತಿಯೊಂದು ಸಿಕ್ಕಿತು. ಅಮೆರಿಕದಲ್ಲಿ ಆಂಥನಿ ಸೆರಾಮಿ ಅವರ ಪ್ರಯೋಗಾಲಯದಲ್ಲಿ ಟ್ರಿಪನೋಸೋಮ ಪರೋಪಜೀವಿಯ ಸೋಂಕು ತಗುಲಿದ ಮೊಲಗಳು ಸೊರಗಿ ಸೊರಗಿ ಸಾಯುತ್ತಿದ್ದವು. ಮೈಯಲ್ಲಿ ಕೊಬ್ಬು ಕರಗುತ್ತಿತ್ತು, ರಕ್ತದಲ್ಲಿ ಮಾತ್ರ ಟ್ರೈಗ್ಲಿಸರೈಡ್ ತುಂಬಿ ತುಳುಕುತ್ತಿತ್ತು. ರಕ್ತದ ಕೊಬ್ಬನ್ನು ಅಂಗಾಂಶಕ್ಕೆ ಇಳಿಸುವ ಲಿಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವವನ್ನು ಯಾವುದೋ ವಸ್ತು ತಡೆಯುತ್ತಿದೆ ಎಂದು ಅವರು ಊಹಿಸಿದರು. ಅದಕ್ಕೆ ಕ್ಯಾಕೆಕ್ಟಿನ್ ಎಂದು ಹೆಸರಿಟ್ಟರು. 1985ರಲ್ಲಿ ಬ್ರೂಸ್ ಬಾಯ್ಟ್ಲರ್ ಅದನ್ನು ಬೇರ್ಪಡಿಸಿ ನೋಡಿದಾಗ, ಕ್ಯಾನ್ಸರ್ ಸಂಶೋಧಕರು ಅದಾಗಲೇ ಗುರುತಿಸಿದ್ದ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್, ಅಂದರೆ ಟಿಎನ್‌ಎಫ್, ಇದೇ ಎಂದು ತಿಳಿಯಿತು. ಸೆಪ್ಸಿಸ್‌ನಲ್ಲಿ ಬಿಪಿ ಬೀಳಿಸುವ ಮುಖ್ಯ ಸಂದೇಶವಾಹಕಗಳಲ್ಲಿ ಅದೂ ಒಂದು. ಬಾಯ್ಟ್ಲರ್ 1998ರಲ್ಲಿ, ಲಿಪೊಪಾಲಿಸ್ಯಾಕರೈಡನ್ನು ನಮ್ಮ ಜೀವಕೋಶಗಳು ಗುರುತಿಸುವ ಬಾಗಿಲು ಟಿಎಲ್‌ಆರ್-4 ಎಂಬುದನ್ನೂ ತೋರಿಸಿದರು. 2011ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಬಂತು.

ಮೊಲದ ರಕ್ತದ ಕೊಬ್ಬನ್ನು ಅಳೆಯಲು ಹೊರಟವರಿಗೆ ಸೆಪ್ಸಿಸ್‌ನ ಒಳಗುಟ್ಟು ಸಿಕ್ಕಿತು. ಜ್ವರದ ರೋಗಿಯ ಟ್ರೈಗ್ಲಿಸರೈಡ್ ಏರಿದಾಗ "ಎಣ್ಣೆ ಪದಾರ್ಥ ಬಿಡ್ರಿ" ಎಂದಷ್ಟೇ ಹೇಳಿ ಮುಂದೆ ಹೋಗಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ.

4. ಮಷೀನ್‌ಗೆ ಹಾಕುವ ಮುಂಚೆ ಟ್ಯೂಬನ್ನು ಬೆಳಕಿಗೆ ಹಿಡಿಯಿರಿ

ಇದು ಲ್ಯಾಬ್‌ನ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ಮೇಲೆ ಸೀರಂ ತಿಳಿಹಳದಿಯಾಗಿ, ಆಚೆಕಡೆಯ ಅಕ್ಷರ ಕಾಣುವಷ್ಟು ಸ್ವಚ್ಛವಾಗಿರಬೇಕು. ಸಕ್ಕರೆ ಕಾಯಿಲೆ ಕೈಮೀರಿ ಅದರ ಮೇಲೆ ಸೋಂಕೂ ಸೇರಿದವರಲ್ಲಿ ಅದು ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತದೆ. ಆ ಟ್ಯೂಬನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ನಿಲ್ಲಿಸಿಟ್ಟರೆ ಬೆಳಿಗ್ಗೆ ಎರಡು ಬಗೆ ಕಾಣಬಹುದು. ಮೇಲೆ ಕೆನೆ ಕಟ್ಟಿ ಕೆಳಗೆ ತಿಳಿಯಾಗಿದ್ದರೆ ಅದು ಊಟದಿಂದ ಬಂದ ಕೈಲೊಮೈಕ್ರಾನ್. ಕೆನೆಯಿಲ್ಲದೆ ಪೂರ್ತಿ ಮಬ್ಬಾಗಿಯೇ ಉಳಿದರೆ ಲಿವರ್‌ನಿಂದ ಹೊರಟ ವಿಎಲ್‌ಡಿಎಲ್. ಎರಡೂ ಕೂಡಿರುವುದೂ ಉಂಟು. ಕಾಸು ಖರ್ಚಿಲ್ಲದ ಲಿಪಿಡ್ ವಿಶ್ಲೇಷಣೆ ಇದು.

ಬೆಳ್ಳಗಿನ ಸೀರಂ ಉಳಿದ ರಿಪೋರ್ಟ್‌ಗಳನ್ನೂ ಕೆಡಿಸುತ್ತದೆ, ಅದೇ ದೊಡ್ಡ ಅಪಾಯ. ಹಿಮೋಗ್ಲೋಬಿನ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಡೆಂಗಿ ಕಾಲದಲ್ಲಿ ಇಂಥ ರಿಪೋರ್ಟ್ ಬಂದರೆ ರಕ್ತ ಗಟ್ಟಿಯಾಗುತ್ತಿದೆ, ಪ್ಲಾಸ್ಮಾ ಸೋರುತ್ತಿದೆ ಎಂದು ಭ್ರಮಿಸಿ ಬೇಡದ ಸಲಾಯಿನ್ ಹಚ್ಚಬಹುದು. ಆಗ ಅದೇ ಹಾಳೆಯಲ್ಲಿ ಎಂಸಿಎಚ್‌ಸಿ ಎಂಬ ಸಾಲು ನೋಡಿ. ಅದು 37, 38 ದಾಟಿದ್ದರೆ ಹಿಮೋಗ್ಲೋಬಿನ್ ಅಂಕಿಯನ್ನು ನಂಬಬೇಡಿ. ಹಿಮೋಗ್ಲೋಬಿನ್ನಿನ ಮೂರು ಪಟ್ಟು ಸುಮಾರಾಗಿ ಹೆಮಟೋಕ್ರಿಟ್‌ಗೆ ಹೊಂದಬೇಕು. ಹೊಂದದಿದ್ದರೆ ಟ್ಯೂಬಿನ ಬಣ್ಣ ಕೇಳಿ. ಕೆಲವು ಕೌಂಟರ್‌ಗಳಲ್ಲಿ ಕೊಬ್ಬಿನ ಹನಿಗಳು ಪ್ಲೇಟ್‌ಲೆಟ್ ಲೆಕ್ಕದಲ್ಲೂ ಸೇರಿಕೊಳ್ಳುತ್ತವೆ. ಅನುಮಾನವಿದ್ದರೆ ಸ್ಲೈಡ್ ಮಾಡಿ ಕಣ್ಣಿನಿಂದಲೇ ನೋಡಬೇಕು.

ಸೋಡಿಯಂ ಕೂಡ ಹಾಗೇ. ದೊಡ್ಡ ಲ್ಯಾಬ್‌ಗಳ ಯಂತ್ರಗಳು ಸೀರಂ ತೆಳುಮಾಡಿ ಅಳೆಯುವುದರಿಂದ ಬೆಳ್ಳಗಿನ ಸೀರಂನಲ್ಲಿ ಸೋಡಿಯಂ ಸುಳ್ಳಾಗಿ ಕಡಿಮೆ ಬರುತ್ತದೆ. ತೆಳುಮಾಡದೆ ಅಳೆಯುವ ಯಂತ್ರದಲ್ಲಿ ಸರಿಯಾಗಿ ಬರುತ್ತದೆ. ಎರಡು ಊರಿನ ಎರಡು ಲ್ಯಾಬ್‌ಗಳ ಅಂಕಿ ಹೊಂದದಿದ್ದಾಗ ಯಾರನ್ನೂ ದೂರುವ ಮುಂಚೆ ಇದನ್ನು ನೆನೆಯಬೇಕು. ಟ್ರೈಗ್ಲಿಸರೈಡ್ 1000 ದಾಟಿ ಹೊಟ್ಟೆನೋವೂ ಇದ್ದರೆ ಮೇದೋಜೀರಕ ಗ್ರಂಥಿಯ ಉರಿಯೂತ ತಲೆಯಲ್ಲಿರಲಿ. ಅಂಥ ಸೀರಂನಲ್ಲಿ ಅಮೈಲೇಸ್ ಸುಳ್ಳಾಗಿ ಸರಿಯಾಗಿಯೇ ಕಾಣಬಹುದು.

5. ರಕ್ತ ಎಲ್ಲಿಂದ, ಯಾವಾಗ ತೆಗೆದಿರಿ ಎಂಬುದನ್ನು ಬರೆದಿಡಿ

ಸಲಾಯಿನ್ ಓಡುತ್ತಿರುವ ಕೈಯಿಂದ ತೆಗೆದ ರಕ್ತ ಪರೀಕ್ಷೆಗೆ ಬಾರದು. ಎರಡು ಮೂರು ಲೀಟರ್ ಸಲಾಯಿನ್ ಹೋದ ಮೇಲೆ ತೆಗೆದರೆ ಕೊಲೆಸ್ಟ್ರಾಲ್ ತೆಳುವಾಗಿಯೇ ಬರುತ್ತದೆ. ವೆಂಟಿಲೇಟರ್ ಮೇಲಿರುವವರಿಗೆ ನಿದ್ದೆಗೆ ಕೊಡುವ ಪ್ರೊಪೊಫಾಲ್ ಸ್ವತಃ ಎಣ್ಣೆಯಲ್ಲಿ ಕದಡಿದ ಔಷಧಿ, ಅದರಿಂದಲೂ ಟ್ರೈಗ್ಲಿಸರೈಡ್ ಏರುತ್ತದೆ. ಇನ್ನು ಎಲ್‌ಡಿಎಲ್ ಸಾಲು. ಬಹುಪಾಲು ಲ್ಯಾಬ್‌ಗಳು ಅದನ್ನು ಅಳೆಯುವುದಿಲ್ಲ. 1972ರ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ಲನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವುದು ಅದರ ಕ್ರಮ. ಟ್ರೈಗ್ಲಿಸರೈಡ್ 400 ದಾಟಿದರೆ ಆ ಸೂತ್ರ ನಿಲ್ಲದು. ಸೋಂಕಿನಲ್ಲಿ ಕಣಗಳ ಒಳರಚನೆಯೇ ಬದಲಾಗುವುದರಿಂದ, ಅದಕ್ಕಿಂತ ಕಡಿಮೆ ಇದ್ದಾಗಲೂ ಜ್ವರದ ರೋಗಿಯ ಲೆಕ್ಕದ ಎಲ್‌ಡಿಎಲ್ಲನ್ನು ನಾನು ಓದುವುದೇ ಇಲ್ಲ.

6. ಟ್ರೈಗ್ಲಿಸರೈಡ್ ಮತ್ತು ಫೆರಿಟಿನ್ ಒಟ್ಟಿಗೆ ಏರಿದರೆ ಗಾಡಿ ತರಿಸಿ

ಲಿಪಿಡ್ ಪ್ರೊಫೈಲ್ ನಿಜವಾಗಿ ಜೀವ ಉಳಿಸಬಲ್ಲ ಜಾಗ ಇದು ಎಂದು ನನ್ನ ನಂಬಿಕೆ. ಡೆಂಗಿ, ಸ್ಕ್ರಬ್ ಟೈಫಸ್, ಟಿಬಿ, ಕೆಲವು ವೈರಸ್ ಜ್ವರಗಳಲ್ಲಿ ಒಮ್ಮೊಮ್ಮೆ ದೇಹದ ರಕ್ಷಣಾ ವ್ಯವಸ್ಥೆ ಹಿಡಿತ ತಪ್ಪಿ ತನ್ನದೇ ರಕ್ತಕಣಗಳನ್ನು ನುಂಗತೊಡಗುತ್ತದೆ. ಇದನ್ನು ಎಚ್‌ಎಲ್‌ಎಚ್ ಎನ್ನುತ್ತಾರೆ. ಹೊರಗಿನಿಂದ ಅದು ಮಾಮೂಲಿ ಸೆಪ್ಸಿಸ್‌ನಂತೆಯೇ ಕಾಣುತ್ತದೆ. ಚಿಕಿತ್ಸೆ ಮಾತ್ರ ಬೇರೆ: ಮೂಲ ಸೋಂಕಿನ ಔಷಧಿಯ ಜೊತೆಗೆ ರಕ್ಷಣಾ ವ್ಯವಸ್ಥೆಯನ್ನೇ ತಣಿಸುವ ಸ್ಟೀರಾಯ್ಡ್‌ನಂಥ ಔಷಧಿಗಳು ಬೇಕಾಗುತ್ತವೆ.

2004ರ ಎಚ್‌ಎಲ್‌ಎಚ್ ಮಾನದಂಡದಲ್ಲಿ ಎಂಟು ಲಕ್ಷಣಗಳಿವೆ. ಐದು ಹೊಂದಿದರೆ ರೋಗ ಎಂದು ಎಣಿಸುತ್ತಾರೆ. ಕೆಲವು ಪರೀಕ್ಷೆಗಳು ದೊಡ್ಡ ಊರುಗಳಲ್ಲೂ ಸುಲಭಕ್ಕೆ ಸಿಗವು. ತಾಲ್ಲೂಕಿನಲ್ಲಿದ್ದುಕೊಂಡೇ ನೋಡಬಹುದಾದವು ಇಷ್ಟು: ಬಿಡದ ಜ್ವರ, ಕೈಗೆ ಸಿಗುವ ಗುಲ್ಮ, ಎರಡು ಬಗೆಯ ರಕ್ತಕಣಗಳ ಇಳಿಕೆ, ಉಪವಾಸದಲ್ಲಿ ತೆಗೆದ ರಕ್ತದ ಟ್ರೈಗ್ಲಿಸರೈಡ್ 265 ಅಥವಾ ಮೇಲೆ, ಫೆರಿಟಿನ್ 500 ಅಥವಾ ಮೇಲೆ. ಫೆರಿಟಿನ್ 500 ಎಂಬುದು ಬಹಳ ಜ್ವರಗಳಲ್ಲಿ ದಾಟುತ್ತದೆ. ಹಲವು ಸಾವಿರಕ್ಕೆ ಹೋದಾಗ ಮಾತ್ರ ತೂಕ ಬರುತ್ತದೆ.

ನಾನು ಕಣ್ಣಿಟ್ಟು ನೋಡುವ ಚಿತ್ರ ಇದು. ಐದಾರು ದಿನದ ಡೆಂಗಿ, ಜ್ವರ ಬಿಡಬೇಕಾದ ಹೊತ್ತಿಗೆ ಮತ್ತೆ ಏರುತ್ತದೆ. ಪ್ಲೇಟ್‌ಲೆಟ್ ಜೊತೆಗೆ ಹಿಮೋಗ್ಲೋಬಿನ್ನೂ ಇಳಿಯುತ್ತದೆ. ಎಸ್‌ಜಿಒಟಿ ಸಾವಿರಗಟ್ಟಲೆ ಬರುತ್ತದೆ. ಆಗ ಒಂದು ಟ್ರೈಗ್ಲಿಸರೈಡ್, ಒಂದು ಫೆರಿಟಿನ್. ಎರಡೂ ಏರಿದ್ದರೆ ರೆಫರಲ್ ಚೀಟಿಯ ಮೇಲುಗಡೆ "ಎಚ್‌ಎಲ್‌ಎಚ್ ಅನುಮಾನ" ಎಂದು ದೊಡ್ಡಕ್ಷರದಲ್ಲಿ ಬರೆದು ಅಂಕಿಗಳನ್ನೂ ಹಾಕಿ ಕಳಿಸಬೇಕು. ಆ ಒಂದು ಸಾಲು ಅಲ್ಲಿನ ಡ್ಯೂಟಿ ವೈದ್ಯರಿಗೆ ಒಂದೆರಡು ದಿನ ಉಳಿಸಿಕೊಡುತ್ತದೆ. ಈ ರೋಗದಲ್ಲಿ ಒಂದೆರಡು ದಿನವೆಂದರೆ ಬಹಳ.

7. ಬೇಡದ ಕಡೆ ಈ ಪರೀಕ್ಷೆ ಬರೆಯಬೇಡಿ

2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಊರಿಗೆ ಊರೇ ವಾಂತಿಭೇದಿಗೆ ಬಿತ್ತು. ಆರು ಜನ ತೀರಿಕೊಂಡರು. ಅಂಥ ಹೊತ್ತಿನಲ್ಲಿ ಬೇಕಾಗುವುದು ಓಆರ್‌ಎಸ್, ಸಲಾಯಿನ್, ಮೂತ್ರದ ಲೆಕ್ಕ, ಕ್ರಿಯಾಟಿನಿನ್, ಪೈಪಿನ ದುರಸ್ತಿ. ಲಿಪಿಡ್ ಪರೀಕ್ಷೆಗೆ ಅಲ್ಲಿ ಕೆಲಸವಿಲ್ಲ. ನೀರಾರಿದ ದೇಹದಲ್ಲಿ ರಕ್ತ ಗಟ್ಟಿಯಾಗಿ ಆ ಅಂಕಿಗಳೂ ತಪ್ಪುತ್ತವೆ. ಮಾಮೂಲಿ ನೆಗಡಿ ಜ್ವರಕ್ಕೂ ಬೇಡ. ಕೂಲಿಯವರ ಒಂದು ದಿನದ ಸಂಬಳ ಒಂದು ಪರೀಕ್ಷೆಗೆ ಹೋಗುತ್ತದೆ ಎಂಬುದನ್ನು ಚೀಟಿ ಬರೆಯುವ ಕೈ ಮರೆಯಬಾರದು. ಡೆಂಗಿಯಲ್ಲೂ ಮೊದಲ ಸ್ಥಾನ ಹೆಮಟೋಕ್ರಿಟ್‌ಗೆ, ಹೊಟ್ಟೆನೋವಿಗೆ, ನಾಡಿಗೆ. ಡೆಂಗಿ ಜೋರಾದಷ್ಟೂ ಕೊಲೆಸ್ಟ್ರಾಲ್ ತಗ್ಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ನಿಜ. ಆದರೆ ಸಲಾಯಿನ್ ಎಷ್ಟು ಹಚ್ಚಬೇಕು ಎಂಬುದನ್ನು ಅದು ಹೇಳಲಾರದು.

8. ಲಿಪಿಡ್ ನೋಡಿ ಸೋಂಕು ಹಿಡಿಯುವುದು ನಮಗೆ ಹೊಸದಲ್ಲ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫದ ಸ್ಲೈಡಿಗೆ ಬಣ್ಣ ಹಾಕಿ ಟಿಬಿ ಹುಡುಕುವುದು ಲಿಪಿಡ್ ಪರೀಕ್ಷೆಯೇ. ಟಿಬಿ ಬ್ಯಾಕ್ಟೀರಿಯಾದ ಗೋಡೆಯಲ್ಲಿ ಮೈಕೋಲಿಕ್ ಆಮ್ಲ ಎಂಬ ಮೇಣದಂಥ ಕೊಬ್ಬಿದೆ. ಒಮ್ಮೆ ಹಿಡಿದ ಕೆಂಪು ಬಣ್ಣವನ್ನು ಆಮ್ಲ ಸುರಿದರೂ ಅದು ಬಿಡದು. ರಾಬರ್ಟ್ ಕಾಖ್ 1882ರಲ್ಲಿ ಆ ಬ್ಯಾಕ್ಟೀರಿಯಾವನ್ನು ತೋರಿಸಿದ ಕಾಲದಿಂದಲೂ ಈ ಗುಣವೇ ಅದರ ಗುರುತು. ಸಿಫಿಲಿಸ್ ಹುಡುಕುವ ವಿಡಿಆರ್‌ಎಲ್ ಪರೀಕ್ಷೆಯಲ್ಲೂ ನೋಡುವುದು ಕಾರ್ಡಿಯೋಲಿಪಿನ್ ಎಂಬ ಲಿಪಿಡ್ ವಿರುದ್ಧದ ಪ್ರತಿಕಾಯವನ್ನು. ಮಲೇರಿಯಾ, ಟಿಬಿ, ಕುಷ್ಠದಲ್ಲೂ ಅದು ಸುಳ್ಳಾಗಿ ಪಾಸಿಟಿವ್ ಬರಬಹುದು. ಖಚಿತಪಡಿಸುವ ಟಿಪಿಎಚ್‌ಎ ಪರೀಕ್ಷೆ ಮಾಡಿಸದೆ ಯಾರ ಸಂಸಾರದಲ್ಲೂ ಸಂಶಯದ ಮಾತು ಹಾಕಬಾರದು.

ಎಚ್‌ಐವಿ ಇದ್ದು ತೀರಾ ಹದಗೆಟ್ಟು ಬಂದವರಿಗೆ ಎಷ್ಟೋ ಸಲ ಕಫವೇ ಬರುವುದಿಲ್ಲ. ಅಂಥವರ ಮೂತ್ರದಲ್ಲಿ ಎಲ್‌ಎಎಂ ಎಂಬ, ಕೊಬ್ಬು ಸಕ್ಕರೆ ಕೂಡಿದ ಟಿಬಿ ಗೋಡೆಯ ಚೂರನ್ನು ಪಟ್ಟಿಯ ಮೇಲೆ ಅರ್ಧ ತಾಸಿನೊಳಗೆ ಹಿಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಅದನ್ನು ಶಿಫಾರಸು ಮಾಡಿದೆ. ಈ ಪಟ್ಟಿ ಪ್ರತಿ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ಇರಲೇಬೇಕು ಎಂದು ನನ್ನ ಒತ್ತಾಯ.

9. ಅಂಕಿಯನ್ನು ಸರಿಮಾಡಿದರೆ ರೋಗಿ ಸರಿಹೋಗುವುದಿಲ್ಲ

ಕೊಬ್ಬು ಖರ್ಚಾಗಿದ್ದರೆ ಕೊಬ್ಬನ್ನೇ ತುಂಬೋಣ ಎಂದು ಫಾಸ್ಫೋಲಿಪಿಡ್ ಕದಡನ್ನು ರಕ್ತಕ್ಕೆ ಕೊಟ್ಟು ನೋಡಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಸಾವು ತಗ್ಗಲಿಲ್ಲ. ಲಿಪಿಡ್ ಎ ಹಾಗೆಯೇ ಕಾಣುವ ಎರಿಟೊರಾನ್ ಎಂಬ ಔಷಧಿಯಿಂದ ಟಿಎಲ್‌ಆರ್-4 ಬಾಗಿಲು ಮುಚ್ಚಲು ಹೊರಟರು. 2013ರ ದೊಡ್ಡ ಪ್ರಯೋಗದಲ್ಲಿ ಅದೂ ಸೋತಿತು. ಸೆಪ್ಸಿಸ್‌ನಿಂದ ಶ್ವಾಸಕೋಶ ಕೆಟ್ಟವರಿಗೆ ರೋಸುವಾಸ್ಟಾಟಿನ್ ಕೊಟ್ಟ 2014ರ ಪ್ರಯೋಗದಲ್ಲೂ ಲಾಭ ಕಾಣಲಿಲ್ಲ. ಜ್ವರದಲ್ಲಿ ಕೊಲೆಸ್ಟ್ರಾಲ್ ಇಳಿದಿದೆ ಎಂದು ತುಪ್ಪ, ಮೊಟ್ಟೆ ತಿನ್ನಿಸಿ ಏರಿಸುತ್ತೇವೆ ಎನ್ನುವ ಮನೆಯವರಿಗೂ ನಾನು ಇದನ್ನೇ ಹೇಳುವುದು. ಶಕ್ತಿಗಾಗಿ ಉಣ್ಣಲಿ, ಅಂಕಿಗಾಗಿ ಬೇಡ.

10. ಲಿಪಿಡೋಮಿಕ್ಸ್‌ನಿಂದ ನಮಗೆ ಬೇಕಾದದ್ದು

ನಾಲ್ಕೈದು ಸಾಲಿನ ನಮ್ಮ ಲಿಪಿಡ್ ಪ್ರೊಫೈಲ್ ಎಲ್ಲಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಒಂದು ಹನಿ ರಕ್ತದಿಂದ ನೂರಾರು ಬಗೆಯ ಲಿಪಿಡ್‌ಗಳನ್ನು ಎಣಿಸುವ ಲಿಪಿಡೋಮಿಕ್ಸ್ ಎಲ್ಲಿ. ಜರ್ಮನಿಯ ಸಂಶೋಧಕರು 2003ರಲ್ಲಿ, ಸೆಪ್ಸಿಸ್ ರೋಗಿಗಳಲ್ಲಿ ಲೈಸೋಫಾಸ್ಫಟಿಡಿಲ್‌ಕೋಲಿನ್ ಎಂಬ ಲಿಪಿಡ್ ತಗ್ಗಿ ಸೆರಾಮೈಡ್ ಏರಿದಷ್ಟೂ ಸಾವಿನ ಅಪಾಯ ಹೆಚ್ಚು ಎಂದು ಕಂಡರು. ಆಮೇಲೆ ಕೆಲಸ ಬಹಳ ಮುಂದೆ ಹೋಗಿದೆ. ಇನ್ನೂ ಹಾಸಿಗೆ ಪಕ್ಕಕ್ಕೆ ಬಂದಿಲ್ಲ.

ಈ ಯಂತ್ರಗಳು ದೊಡ್ಡ ಊರುಗಳ ಸಂಶೋಧನಾ ಸಂಸ್ಥೆಗಳಲ್ಲಿವೆ. ಮಾದರಿಗಳು ಮಾತ್ರ ನಗರದ ಐಸಿಯುಗಳಿಂದಷ್ಟೇ ಹೋದರೆ ಸಾಲದು. ಹಲವಾಗಲಿನಿಂದ ಬರುವ ರೋಗಿ ಕಾಯಿಲೆಯ ಎರಡನೇ ದಿನ ನಮ್ಮ ಬಳಿ ಇರುತ್ತಾನೆ. ಐಸಿಯು ಮುಟ್ಟುವುದು ಐದನೇ ದಿನ. ಯಾರಿಗೆ ಹದಗೆಡಲಿದೆ ಎಂದು ಮೊದಲೇ ತಿಳಿಸುವ ಲಿಪಿಡ್ ಗುರುತು ಇದ್ದರೆ ಅದು ಆ ಎರಡನೇ ದಿನದ ರಕ್ತದಲ್ಲಿರಬೇಕು. ಅದಕ್ಕಾಗಿ ತಾಲ್ಲೂಕು ಮಟ್ಟದಲ್ಲಿ ರಕ್ತವನ್ನು ಬೇಗ ತಿರುಗಿಸಿ, ಪ್ಲಾಸ್ಮಾ ಬೇರ್ಪಡಿಸಿ, ಮೈನಸ್ 80 ಡಿಗ್ರಿಯಲ್ಲಿ ಇಡುವ ವ್ಯವಸ್ಥೆ ಬೇಕು. ಟ್ಯೂಬ್ ಬಿಸಿಲಿನಲ್ಲಿ ಬಸ್ ಹತ್ತಿ ಹೋದರೆ ದಾರಿಯಲ್ಲೇ ಲಿಪಿಡ್‌ಗಳು ಒಡೆದು ಬೇರೆಯಾಗುತ್ತವೆ. ಹೊಟ್ಟೆತುಂಬ ಉಂಡವರ ದೇಶದಲ್ಲಿ ಕಂಡುಕೊಂಡ ಅಂಕಿಗಳನ್ನು ಕಡಿಮೆ ತೂಕದ ನಮ್ಮ ರೈತರ ಮೇಲೆ ಹಾಗೇ ಹೊರಿಸಲೂ ಆಗದು.

11. ಗುಣವಾಗಿ ಮನೆಗೆ ಹೋದವರ ಗುಳಿಗೆ ನಿಲ್ಲಿಸಬೇಡಿ

ಆಸ್ಪತ್ರೆಯಲ್ಲಿ ಬಂದ ಕಡಿಮೆ ಕೊಲೆಸ್ಟ್ರಾಲ್ ನೋಡಿ, "ಇನ್ನ ಗುಳಿಗಿ ಬ್ಯಾಡಲ್ರಿ" ಎಂದು ಹೃದಯದ ರೋಗಿಗಳು ಕೇಳುತ್ತಾರೆ. ಕೆಲವರು ಕೇಳದೆಯೇ ಬಿಡುತ್ತಾರೆ. ತೀವ್ರ ಕಾಯಿಲೆಯಾದ ಮೇಲೆ ಲಿಪಿಡ್ ಮಟ್ಟ ತನ್ನ ಜಾಗಕ್ಕೆ ಬರಲು ವಾರಗಳು ಬೇಕು. ಎಂಟು ವಾರ ಕಳೆದ ಮೇಲೆ ಮಾಡಿಸಿದ ಪರೀಕ್ಷೆಯೇ ಲೆಕ್ಕಕ್ಕೆ. ಸ್ಟಾಟಿನ್ ತಾತ್ಕಾಲಿಕವಾಗಿ ನಿಲ್ಲಿಸಬೇಕಾದ ಸಂದರ್ಭಗಳಿವೆ: ಲಿವರ್ ತೀರಾ ಕೆಟ್ಟಾಗ, ಸ್ನಾಯು ಕರಗುವಾಗ, ಕ್ಲಾರಿಥ್ರೊಮೈಸಿನ್‌ನಂಥ ಹೊಂದದ ಔಷಧಿ ಕೊಡಬೇಕಾದಾಗ. ಹಾಗೆ ನಿಲ್ಲಿಸಿದ್ದರೆ ಯಾವ ದಿನ ಮತ್ತೆ ಶುರುಮಾಡಬೇಕು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆಯಿರಿ, ಜೊತೆಗೆ ಬಂದವರಿಗೆ ಓದಿ ಹೇಳಿ. ನ್ಯುಮೋನಿಯಾದಂಥ ಗಂಭೀರ ಸೋಂಕಿನ ನಂತರದ ವಾರಗಳಲ್ಲಿ ಹೃದಯಾಘಾತದ ಅಪಾಯ ಎಂದಿಗಿಂತ ಹೆಚ್ಚಿರುತ್ತದೆ. ಗುಳಿಗೆ ಬಿಡಲು ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ.